ಅಕ್ಷರಗಳನ್ನು ಎಣಿಸಿದ ಅಲ್‌ಕಿಂದೀ

ನಿಮ್ಮ ಮಗನೋ ಮಗಳೋ ಕಂಪ್ಯೂಟರ್ ಕಲಿಯುತ್ತಿದ್ದರೆ, ಶಿಕ್ಷಕರು ಕೊಡುವ ಮೊದಮೊದಲ ಪಾಠಗಳಲ್ಲಿ ಇದೂ ಒಂದಾಗಿರಬಹುದು: ಒಂದು ಬರಹದಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬಂದಿದೆಯೆಂದು ಎಣಿಸುವ ಪ್ರೋಗ್ರಾಮ್ ಬರೆಯುವುದು. ಇದೊಂದು ಮಕ್ಕಳಾಟವೆಂದು ನಿಮಗೆ ತೋರೀತು. ಆದರೆ ಈ ಎಣಿಕೆಯನ್ನು ಒಂದು ವಿದ್ಯೆಯಾಗಿ ಬರೆದಿಟ್ಟವರು 1,100 ವರ್ಷಗಳಿಗೂ ಹಿಂದೆ ಬಗ್ದಾದ್‌ನಲ್ಲಿ ಬಾಳಿದ ಅಲ್‌ಕಿಂದೀ ಎಂಬುದನ್ನು ನೀವು ಬಲ್ಲಿರಾ?

ಯಾಕೂಬ್ ಬಿನ್ ಇಸ್‌ಹಾಕ್ ಅಲ್‌ಕಿಂದೀ ಸುಮಾರು ಕ್ರಿ.ಶ. 801ರಲ್ಲಿ ಕೂಫಾದಲ್ಲಿ ಜನಿಸಿದರು. ತಂದೆ ಆ ನಗರದ ರಾಜ್ಯಪಾಲರಾಗಿದ್ದರು. ಖಲೀಫಾ ಮಾಮೂನ್ (813–833) ಕಾಲದಲ್ಲಿ ಗ್ರೀಕ್ ಗ್ರಂಥಗಳು ಅರಬಿಗೆ ಬರುತ್ತಿದ್ದಾಗ ಅವರು ಆ ಕಾರ್ಯದಲ್ಲಿ ಮುಂದಾಳಾಗಿ ನಿಂತರು. ಮುಂದಿನ ಖಲೀಫಾ ಮುಅ್‌ತಸಿಮ್ ತನ್ನ ಮಗನ ಶಿಕ್ಷಣವನ್ನು ಅವರಿಗೆ ವಹಿಸಿದನು. ತತ್ವಶಾಸ್ತ್ರ, ವೈದ್ಯ, ಗಣಿತ, ಸಂಗೀತ ಎಂದು ಅವರು ಬರೆದ ಕೃತಿಗಳು 200ಕ್ಕೂ ಹೆಚ್ಚು. ಸತ್ಯವು ಪರಜನಾಂಗದಿಂದ ಬಂದರೂ ಅದನ್ನು ಸ್ವೀಕರಿಸಲು ನಾಚಬಾರದೆಂಬುದು ಅವರ ನಿಲುವಾಗಿತ್ತು.

ಗುಪ್ತ ಲಿಪಿಯ ಪತ್ರಗಳನ್ನು ಓದುವ ಬಗೆಯನ್ನು ಕುರಿತ ಅವರ ಕಿರುಗ್ರಂಥವನ್ನು ನೋಡಿರಿ. ಅಲ್ಲಿ ಮಂತ್ರವಿಲ್ಲ, ಊಹೆಯಿಲ್ಲ. ಅದೇ ಭಾಷೆಯ ಒಂದು ಸಾಮಾನ್ಯ ಬರಹವನ್ನು ತೆಗೆದುಕೊಂಡು ಪ್ರತಿಯೊಂದು ಅಕ್ಷರವನ್ನೂ ಎಣಿಸಬೇಕು. ಅತಿ ಹೆಚ್ಚು ಬಂದುದನ್ನು ಒಂದನೆಯದು, ಅನಂತರದ್ದನ್ನು ಎರಡನೆಯದು ಎಂದು ಕ್ರಮವಾಗಿ ಬರೆಯಬೇಕು. ಗುಪ್ತ ಪತ್ರದ ಚಿಹ್ನೆಗಳನ್ನೂ ಹಾಗೆಯೇ ಎಣಿಸಿ ಎರಡು ಪಟ್ಟಿಗಳನ್ನು ಹೊಂದಿಸಿ ನೋಡಬೇಕು. ಅರಬಿಯಲ್ಲಿ ಅಲಿಫ್ ಮೊದಲು, ಲಾಮ್ ಅನಂತರ ಎಂದು ಅವರು ಸ್ವತಃ ಎಣಿಸಿ ಕಂಡುಕೊಂಡರು. ಪತ್ರ ತೀರಾ ಚಿಕ್ಕದಾದರೆ ಈ ಲೆಕ್ಕವನ್ನು ನಂಬಲಾಗದೆಂದೂ ಎಚ್ಚರಿಸಿದರು. ಒಂದೆರಡು ಮಾತು ಕೇಳಿದ ಮಾತ್ರಕ್ಕೆ ಒಬ್ಬನ ಬಗ್ಗೆ ತೀರ್ಪು ಕೊಡುವ ನಮಗೆ ಇದರಲ್ಲಿ ಪಾಠವಿಲ್ಲವೇ?

ಅವರ ಕೊನೆಗಾಲ ಸುಖದ್ದಾಗಿರಲಿಲ್ಲ. ಖಲೀಫಾ ಮುತವಕ್ಕಿಲ್‌ನ ಆಳ್ವಿಕೆಯಲ್ಲಿ (847–861) ಅಸೂಯೆಪಟ್ಟವರ ಚಾಡಿಯಿಂದ ಅವರು ಹೊಡೆತ ತಿಂದರು, ಅವರ ಗ್ರಂಥಭಂಡಾರವನ್ನು ಕಸಿಯಲಾಯಿತು, ಬಳಿಕ ಅದು ಮರಳಿ ದೊರೆಯಿತು ಎಂದು ಹಿಂದಿನ ಚರಿತ್ರೆಕಾರರು ಬರೆದಿದ್ದಾರೆ. ಸುಮಾರು 873ರಲ್ಲಿ ಅವರು ಬಗ್ದಾದ್‌ನಲ್ಲಿ ನಿಧನರಾದರು. ಅವರ ಹೆಚ್ಚಿನ ಕೃತಿಗಳು ಕಾಲಗರ್ಭ ಸೇರಿದವು. ಗುಪ್ತ ಲಿಪಿಯ ಗ್ರಂಥ ಮಾತ್ರ ಇಸ್ತಾಂಬುಲ್‌ನ ಸುಲೈಮಾನಿಯಾ ಗ್ರಂಥಾಲಯದಲ್ಲಿ ಉಳಿದು, 1987ರಲ್ಲಿ ದಮಾಸ್ಕಸ್‌ನಲ್ಲಿ ಅಚ್ಚಾಯಿತು.

ಅದನ್ನು ತೆರೆದವರು ಹೆಜ್ಜೆ ಹೆಜ್ಜೆಯಾಗಿ ಅನುಸರಿಸಬಹುದಿತ್ತು. ಏಕೆಂದರೆ ಅಲ್‌ಕಿಂದೀ ತನ್ನ ಜಾಣತನವನ್ನು ಮೆರೆಯಲು ಬರೆದಿರಲಿಲ್ಲ. ಮುಂದೆ ಬರುವವನಿಗೆ ಅರ್ಥವಾಗಲೆಂದು ಬರೆದಿದ್ದರು. ನಿಮ್ಮ ಮಗುವಿಗೂ ಇದನ್ನೇ ಹೇಳಿರಿ. ಪ್ರೋಗ್ರಾಮ್‌ನಲ್ಲಿ ಎಣಿಕೆಗೆ ಎಣಿಕೆಯೆಂದೇ ಹೆಸರಿಡಲಿ, ಒಂದು ಸಾಲಿನಲ್ಲಿ ಒಂದೇ ಕೆಲಸ ಮಾಡಲಿ, ಇನ್ನೊಬ್ಬರು ಓದಿ ತಪ್ಪು ಹಿಡಿಯುವಂತಿರಲಿ. ಜ್ಞಾನವು ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಪಡೆಯುವವನಿಗೆ ತಿಳಿಯುವಂತೆ ಒಪ್ಪಿಸುವುದೂ ನಮ್ಮ ಹೊಣೆಯೇ.