ಕಣ್ಣಿನಲ್ಲಿ ಗುಪ್ತರೋಗವನ್ನು ಕಂಡ ಹಚಿನ್ಸನ್ ಸಾಹೇಬರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಬಿಸಿಲನ್ನೂ ಧೂಳನ್ನೂ ನಾವು ಬಣ್ಣಿಸಬೇಕಾದುದಿಲ್ಲ. ಇಲ್ಲಿ ಒಬ್ಬನ ಕಣ್ಣು ಕೆಂಪಾದರೆ ಅದು ಉಷ್ಣವೆಂದೋ, ಜೋಳದ ರಾಶಿಯ ಧೂಳೆಂದೋ ಹೇಳಿ, ನೆತ್ತಿಗೆ ಔಡಲೆಣ್ಣೆಯನ್ನು ತಟ್ಟಿ, ಕಣ್ಣಿಗೆ ಎದೆಹಾಲನ್ನು ಹಿಂಡಿ ಸುಮ್ಮನಾಗುವ ರೂಢಿಯುಂಟು. ಅನೇಕ ಸಲ ಕಾರಣವು ಅಷ್ಟೇ ಇರುವುದೂ ನಿಜ. ಆದರೆ ಕೆಲವು ಕಣ್ಣುಗಳ ಉರಿಯು ಧೂಳಿನಿಂದ ಬಂದುದಲ್ಲ. ಸ್ತ್ರೀಪುರುಷ ಸಂಪರ್ಕದಿಂದ ಅಂಟಿದ, ಹೇಳಿಕೊಳ್ಳಲು ನಾಚಿ ಅಡಗಿಸಿಟ್ಟ ರೋಗವೇ ಅಲ್ಲಿ ತಲೆಯೆತ್ತಿರುತ್ತದೆ. ಈ ಸಂಬಂಧವನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಅಗ್ರಗಣ್ಯರು ಇಂಗ್ಲಂಡದ ಶಸ್ತ್ರವೈದ್ಯರಾದ ಸರ್ ಜೋನಾಥನ್ ಹಚಿನ್ಸನ್ನರು. ಅವರ ಜೀವನದಿಂದ ನಮ್ಮ ಜನರು ಕಲಿಯತಕ್ಕದ್ದು ಬಹಳವಿದೆಯೆಂದು ತಿಳಿದು, ಅದನ್ನು ಇಂದು ವಾಚಕರ ಮುಂದಿಡುತ್ತೇವೆ.

ಹಚಿನ್ಸನ್ನರು ೧೮೨೮ನೆಯ ಇಸವಿಯ ಜುಲೈ ೨೩ರಂದು ಯಾರ್ಕ್‌ಶೈರ್ ಪ್ರಾಂತದ ಸೆಲ್ಬಿ ಎಂಬ ಊರಿನಲ್ಲಿ ಜನಿಸಿದರು. ಅವರ ಮನೆತನವು ಕ್ವೇಕರ್ ಪಂಥಕ್ಕೆ ಸೇರಿದುದು. ಆಡಂಬರವಿಲ್ಲದ ನಡೆ, ಮಿತವಾದ ಮಾತು, ಮನುಷ್ಯರಲ್ಲಿ ಮೇಲುಕೀಳೆಣಿಸದ ಬುದ್ಧಿ ಇವು ಆ ಪಂಥದ ಸಂಸ್ಕಾರಗಳು. ಯಾರ್ಕ್ ಪಟ್ಟಣದ ವೈದ್ಯರೊಬ್ಬರಲ್ಲಿ ಶಿಷ್ಯವೃತ್ತಿಯನ್ನು ನಡೆಯಿಸಿ, ತರುವಾಯ ಲಂಡನ್ನಿನ ಸೇಂಟ್ ಬಾರ್ಥಾಲೊಮ್ಯು ಆಸ್ಪತ್ರೆಯಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಪೇಜೆಟ್ಟರ ಕೈಕೆಳಗೆ ಕಲಿತು, ೧೮೫೦ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮೊದಲ ವರ್ಷಗಳಲ್ಲಿ ರೋಗಿಗಳಿಗಿಂತ ವೈದ್ಯಪತ್ರಿಕೆಗಳ ಬರವಣಿಗೆಯೇ ಅವರಿಗೆ ಆಧಾರವಾಗಿದ್ದಿತು. ಲಂಡನ್ನಿನ ಹಲವು ಆಸ್ಪತ್ರೆಗಳನ್ನು ಸುತ್ತಿ, ಕಂಡ ರೋಗಗಳನ್ನೆಲ್ಲ ಬರೆದು ಪ್ರಕಟಿಸುವುದು ಅವರ ಕೆಲಸ. ಲೇಖಣಿಯ ಈ ದುಡಿಮೆಯೇ ಅವರ ಕಣ್ಣನ್ನು ಹರಿತಗೊಳಿಸಿತೆಂದರೆ ತಪ್ಪಾಗದು. ಸಾವಿರ ರೋಗಿಗಳನ್ನು ನೋಡಿ ಮರೆತವನಿಗಿಂತ ನೂರು ರೋಗಿಗಳನ್ನು ನೋಡಿ ಬರೆದಿಟ್ಟವನು ಹೆಚ್ಚು ಬಲ್ಲನು.

ಮುಂದೆ ಅವರು ಲಂಡನ್ ಹಾಸ್ಪಿಟಲಿನಲ್ಲಿ ಶಸ್ತ್ರವೈದ್ಯರಾಗಿಯೂ, ಮೂರ್‌ಫೀಲ್ಡ್ಸಿನ ನೇತ್ರಾಲಯದಲ್ಲಿ ಕಣ್ಣಿನ ವೈದ್ಯರಾಗಿಯೂ, ಬ್ಲ್ಯಾಕ್‌ಫ್ರಾಯರ್ಸಿನ ಚರ್ಮರೋಗಗಳ ಆಸ್ಪತ್ರೆಯಲ್ಲಿಯೂ ಸೇವೆ ಮಾಡಿದರು. ಕಣ್ಣನ್ನು ನೋಡುವವನು ಚರ್ಮವನ್ನು ನೋಡದೆ, ಚರ್ಮವನ್ನು ನೋಡುವವನು ಕಣ್ಣನ್ನು ನೋಡದೆ ಇರುವಲ್ಲಿ, ಎರಡನ್ನೂ ಒಬ್ಬರೇ ನೋಡಿದುದರಿಂದ ಇತರರಿಗೆ ತೋರದ ಸಂಬಂಧವು ಅವರಿಗೆ ತೋರಿತು.

ಆ ಕಾಲದಲ್ಲಿ ಎಳೆಯರಿಗೆ ಬರುತ್ತಿದ್ದ ಒಂದು ನೇತ್ರರೋಗವಿದ್ದಿತು. ಕರಿಗುಡ್ಡೆಯ ಮೇಲಿನ ತಿಳಿಯಾದ ಪೊರೆಯು ಉಜ್ಜಿದ ಗಾಜಿನಂತೆ ಮಬ್ಬಾಗುವುದು. ಬೆಳಕನ್ನು ಕಂಡರೆ ಕಣ್ಣು ನೀರಾಡುವುದು. ಒಂದರ ಹಿಂದೆ ಇನ್ನೊಂದು ಕಣ್ಣಿಗೂ ಹಬ್ಬುವುದು. ವೈದ್ಯರು ಇದನ್ನು ಗಂಡಮಾಲೆಯ ಪ್ರಕೃತಿಯ ದೋಷವೆಂದು ಹೇಳಿ ಬಿಡುತ್ತಿದ್ದರು. ಹಚಿನ್ಸನ್ನರು ಮಕ್ಕಳ ಕಣ್ಣನ್ನಷ್ಟೇ ನೋಡಲಿಲ್ಲ, ಬಾಯನ್ನೂ ತೆರೆಯಿಸಿ ನೋಡಿದರು. ಹಾಲುಹಲ್ಲು ಬಿದ್ದು ಬಂದ ಮೇಲಿನ ಮುಂದಿನ ಎರಡು ಹಲ್ಲುಗಳು ಗೂಟದಂತೆ ಸಣ್ಣಗಾಗಿ, ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕಚ್ಚು ಬಿದ್ದುದನ್ನು ಕಂಡರು. ಅವರಲ್ಲಿ ಕೆಲವರಿಗೆ ಕಿವಿಯೂ ಮಂದವಾಗಿದ್ದಿತು. ತಂದೆತಾಯಿಗಳ ಆರೋಗ್ಯವನ್ನು ವಿಚಾರಿಸಿದಾಗ ಮೂಲವು ತಿಳಿಯಿತು. ಉಪದಂಶ, ಅಂದರೆ ಜನರು ಫಿರಂಗಿ ರೋಗವೆಂದೂ ಗರ್ಮಿಯೆಂದೂ ಕರೆಯುವ ರೋಗವು, ತಾಯಿಯ ಗರ್ಭದಲ್ಲಿಯೇ ಮಗುವಿಗೆ ತಗಲಿದ್ದಿತು. ೧೮೬೩ರಲ್ಲಿ ಅವರು ಇದನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಕಣ್ಣು, ಹಲ್ಲು, ಕಿವಿ ಈ ಮೂರರ ಲಕ್ಷಣಕೂಟವು ಇಂದಿಗೂ ವೈದ್ಯಶಾಸ್ತ್ರದಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಅವರ ಶೋಧದ ಬೆಲೆಯು ಹಲ್ಲಿನ ಗುರುತಿಗಿಂತ ದೊಡ್ಡದು. ತಪ್ಪಿಲ್ಲದವರಿಗೂ ಈ ರೋಗವು ಬರುವುದೆಂಬುದನ್ನು ಅದು ಸಿದ್ಧಪಡಿಸಿತು. ೧೮೭೧ರಲ್ಲಿ ಅವರು ಇನ್ನೊಂದು ಸಂಗತಿಯನ್ನೂ ಬಯಲಿಗೆ ತಂದರು. ಅಂದು ಮೈಲಿಬೇನೆಯ ದಾಕು ಹಾಕುವಾಗ ಒಬ್ಬನ ತೋಳಿನ ರಸವನ್ನು ಇನ್ನೊಬ್ಬನ ತೋಳಿಗೆ ಚುಚ್ಚುವ ಪದ್ಧತಿಯಿದ್ದಿತು. ಈ ಪದ್ಧತಿಯಿಂದಲೂ ಉಪದಂಶವು ಅಂಟಬಹುದೆಂದು ಅವರು ತೋರಿಸಿದರು. ರೋಗವು ಪಾಪದ ಮುದ್ರೆಯೆಂದು ನಂಬಿದ್ದ ಸಮಾಜಕ್ಕೆ ಇದು ದೊಡ್ಡ ಪಾಠವು.

ಮುಂದಿನ ವೈದ್ಯರು ಈ ದಾರಿಯಲ್ಲಿ ಬಹಳ ದೂರ ನಡೆದಿದ್ದಾರೆ. ಉಪದಂಶವು ಯಾವ ಹಂತದಲ್ಲಿಯಾದರೂ ಕಣ್ಣನ್ನು ಹಿಡಿಯಬಹುದೆಂದು ಇಂದು ಗೊತ್ತಾಗಿದೆ. ರೋಗ ತಗಲಿದವರೆಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ, ಎಚ್.ಐ.ವಿ. ಸೋಂಕೂ ಜೊತೆಗಿದ್ದರೆ ವಿಶೇಷ ಎಚ್ಚರಿಕೆ ಬೇಕು. ಪಾಪೆಯ ಸುತ್ತಲಿನ ಬಣ್ಣದ ಪೊರೆಯಾಗಲಿ, ಒಳಗಿನ ಪರದೆಯಾಗಲಿ, ದೃಷ್ಟಿಯ ನರವಾಗಲಿ ಬಾವುಗೊಳ್ಳುವುದು. ಕಣ್ಣು ಕೆಂಪಾಗಿ ನೋಯಬಹುದು. ಕೆಂಪಾಗದೆಯೇ ದೃಷ್ಟಿ ಮಂಜಾಗಬಹುದು, ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲಬಹುದು. ಗುಹ್ಯಭಾಗದ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗಿಯು ಗುಣವಾಯಿತೆಂದು ತಿಳಿಯುತ್ತಾನೆ, ರೋಗವು ಒಳಗಿಳಿದಿರುತ್ತದೆ. ಪೂಯಮೇಹವು ಇನ್ನೊಂದು ಬಗೆಯದು. ಅದರ ಕೀವು ಕೈಯಿಂದ ಕಣ್ಣಿಗೆ ತಗಲಿದರೆ ಅತ್ಯಲ್ಪ ಕಾಲದಲ್ಲಿ ಕರಿಗುಡ್ಡೆಯ ಪೊರೆಯು ತೂತಾಗುವ ಭಯವುಂಟು. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಕೂಸಿನ ಕಣ್ಣಿಗೆ ಇದು ತಗಲುವುದನ್ನು ತಡೆಯಲು ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಕ್ರೆಡೆ ಎಂಬ ವೈದ್ಯರು ೧೮೮೦ರಲ್ಲಿ ಬೆಳ್ಳಿಯ ಕ್ಷಾರದ ಹನಿಯನ್ನು ಬಳಕೆಗೆ ತಂದು, ಅಸಂಖ್ಯ ಮಕ್ಕಳ ದೃಷ್ಟಿಯನ್ನು ಉಳಿಸಿದರು.

ಹಚಿನ್ಸನ್ನರು ೧೮೮೯ರಲ್ಲಿ ಇಂಗ್ಲಂಡದ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಅಧ್ಯಕ್ಷರಾದರು. ೧೯೦೮ರಲ್ಲಿ ಅವರಿಗೆ ಸರ್ ಪದವಿಯು ದೊರೆಯಿತು. ಹೇಸಲ್‌ಮಿಯರ್ ಎಂಬ ಊರಿನ ಜನರಿಗಾಗಿ ಅವರು ಸ್ವಂತ ಖರ್ಚಿನಿಂದ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಗುಣದೊಡನೆ ದೋಷವನ್ನೂ ಹೇಳುವುದು ಜೀವನಚರಿತ್ರೆಯ ಧರ್ಮ. ಕೆಟ್ಟ ಮೀನನ್ನು ತಿನ್ನುವುದರಿಂದ ಕುಷ್ಠರೋಗವು ಬರುವುದೆಂದು ಅವರು ಹಟ ಹಿಡಿದಿದ್ದರು. ಕುಷ್ಠದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ನರು ೧೮೭೩ರಲ್ಲಿಯೇ ಕಂಡುಹಿಡಿದಿದ್ದರೂ ಅವರ ಹಟ ಸಡಿಲಲಿಲ್ಲ. ಇಳಿವಯಸ್ಸಿನಲ್ಲಿ ಭಾರತಕ್ಕೂ ಬಂದು ಸಾಕ್ಷ್ಯವನ್ನು ಹುಡುಕಿದರು. ಮೀನನ್ನು ಮುಟ್ಟದವರಲ್ಲಿಯೂ ಆ ರೋಗವಿದ್ದುದು ಅವರ ಮತವನ್ನು ಬದಲಿಸಲಿಲ್ಲ. ಅವರು ೧೯೧೩ರ ಜೂನ್ ೨೩ರಂದು ತೀರಿಕೊಂಡರು. ಮೀನಿನ ಮತವು ಅವರೊಡನೆಯೇ ಹೋಯಿತು. ಕಣ್ಣಿನ ಶೋಧವು ಉಳಿಯಿತು.

ಅವರು ಬದುಕಿರುವಾಗಲೇ, ೧೯೦೫ರಲ್ಲಿ, ಉಪದಂಶದ ಸೂಕ್ಷ್ಮಜೀವಿಯು ಕಾಣಿಸಿಕೊಂಡಿತು. ಮರುವರ್ಷ ರಕ್ತಪರೀಕ್ಷೆಯು ಬಂದಿತು. ೧೯೪೩ರಲ್ಲಿ ಪೆನಿಸಿಲಿನ್ ಈ ರೋಗವನ್ನು ಗೆಲ್ಲುವುದೆಂದು ಕಂಡುಬಂದಿತು. ಕಣ್ಣನ್ನು ಹಿಡಿದ ಉಪದಂಶಕ್ಕೆ ಇಂದು ಹತ್ತರಿಂದ ಹದಿನಾಲ್ಕು ದಿನಗಳ ವರೆಗೆ ಪೆನಿಸಿಲಿನ್ನನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಹಚಿನ್ಸನ್ನರ ಕೈಯಲ್ಲಿ ಇಲ್ಲದ ಆಯುಧವು ನಮ್ಮ ಕೈಯಲ್ಲಿದೆ. ಕೊರತೆಯಿರುವುದು ಔಷಧದ್ದಲ್ಲ, ಬಾಯಿಬಿಟ್ಟು ಹೇಳುವ ಧೈರ್ಯದ್ದು.

ನಮ್ಮ ನಾಲ್ಕು ತಾಲೂಕುಗಳಿಂದ ಎಷ್ಟೋ ಜನರು ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬಯಿ, ಗೋವೆಗಳಿಗೆ ಹೋಗಿ ಬರುತ್ತಾರೆ. ಊರಲ್ಲಿ ಉಳಿದ ಹೆಣ್ಣುಮಕ್ಕಳಿಗೆ ಗಂಡನು ತಂದ ರೋಗದ ಸುಳಿವೂ ಇರುವುದಿಲ್ಲ. ದೇವದಾಸಿ ಪದ್ಧತಿಯನ್ನು ಮುಂಬಯಿ ಸರಕಾರವು ೧೯೩೪ರಲ್ಲಿಯೂ ಕರ್ನಾಟಕ ಸರಕಾರವು ೧೯೮೨ರಲ್ಲಿಯೂ ಕಾಯದೆಯಿಂದ ನಿಷೇಧಿಸಿದುವು. ಆದರೆ ರೋಗದ ಅಪವಾದವನ್ನು ಆ ಬಡ ಹೆಂಗಸರ ಮೇಲೆಯೇ ಹೊರಿಸಿ, ಅವರ ಮನೆಗೆ ಹೋದ ಗೃಹಸ್ಥರನ್ನು ಬಿಟ್ಟುಬಿಡುವ ನಡತೆಯನ್ನು ಯಾವ ಕಾಯದೆಯೂ ತಿದ್ದಲಾರದು. ನಾಚಿಕೆಯ ಹೊರೆಯನ್ನು ಹೀಗೆ ಹಂಚುವವರೆಗೆ ರೋಗಿಯು ದವಾಖಾನೆಗೆ ಬರುವುದಿಲ್ಲ. ಔಷಧದ ಅಂಗಡಿಗೆ ಹೋಗಿ ಕಣ್ಣಿನ ಹನಿಯನ್ನು ತಾನೇ ಕೊಳ್ಳುತ್ತಾನೆ. ಉರಿಯನ್ನು ಮಾತ್ರ ತಣಿಸುವ ಹನಿಯಿಂದ ಕೆಂಪು ಇಳಿಯಬಹುದು, ಮೂಲರೋಗವು ಇಳಿಯದು.

ಆದುದರಿಂದ ನಾವು ಹೇಳುವುದಿಷ್ಟು. ಇಂಥ ಸೋಂಕು ತಗಲಿದವರು, ತಗಲಿದ ಸಂಶಯವುಳ್ಳವರು, ಕಣ್ಣು ನೊಂದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿವಸ ವೈದ್ಯರನ್ನು ಕಂಡು ಎರಡನ್ನೂ ಕೂಡಿಸಿ ಹೇಳಬೇಕು, ರಕ್ತಪರೀಕ್ಷೆಯನ್ನು ಮಾಡಿಸಬೇಕು. ಗಂಡಹೆಂಡಿರು ಇಬ್ಬರೂ ಚಿಕಿತ್ಸೆಯನ್ನು ಪಡೆಯಬೇಕು. ಗರ್ಭಿಣಿಯರ ರಕ್ತಪರೀಕ್ಷೆಯು ತಪ್ಪಕೂಡದು. ವೈದ್ಯರೂ ನರ್ಸುಗಳೂ ಇಂಥ ರೋಗಿಯನ್ನು ನಾಲ್ಕು ಜನರ ಮುಂದೆ ಗದರಿಸಬಾರದು. ಒಮ್ಮೆ ಅವಮಾನಗೊಂಡವನು ಎರಡನೆಯ ಸಲ ಬರುವುದಿಲ್ಲ. ಹಚಿನ್ಸನ್ ಸಾಹೇಬರು ಮಗುವಿನ ಕಣ್ಣಿನಲ್ಲಿ ಮನೆಯ ಗುಟ್ಟನ್ನು ಕಂಡುದು ಆ ಮನೆಗೆ ಶಿಕ್ಷೆ ವಿಧಿಸುವುದಕ್ಕಲ್ಲ, ಕಣ್ಣನ್ನು ಉಳಿಸುವುದಕ್ಕೆ. ನಮ್ಮ ದವಾಖಾನೆಗಳಲ್ಲಿಯೂ ಮನೆಗಳಲ್ಲಿಯೂ ಅದೇ ದೃಷ್ಟಿಯು ಬೆಳೆಯಲಿ.