ಚಾಂದಬೀಬಿ: ಎರಡು ಮನೆಗಳ ಮಗಳು

ಸಂಕ್ರಮಣದ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದಾಗ ನಾವೆಲ್ಲರೂ ಸಿದ್ಧೇಶ್ವರ ಕೆರೆಯ ದಂಡೆಯ ಮೇಲಿನ ಹಳೆಯ ಕೋಟೆಯನ್ನು ನೋಡಿದ್ದೇವೆ. ಅದರ ಬುರುಜುಗಳನ್ನು ಹತ್ತಿ ಇಳಿದಿದ್ದೇವೆ. ಆದರೆ ಈ ಕೋಟೆ ಒಂದು ಕಾಲಕ್ಕೆ ಒಬ್ಬ ಹೆಣ್ಣುಮಗಳ ಮದುವೆಯಲ್ಲಿ ಬಳುವಳಿಯಾಗಿ ಹೋಗಿತ್ತೆಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಆ ಹೆಣ್ಣುಮಗಳೇ ವೀರರಾಣಿ ಚಾಂದಬೀಬಿ. ಆಕೆಯ ಬಾಳನ್ನು ತಿಳಿಯಬೇಕಾದರೆ ಆ ಕಾಲವನ್ನು ಮೊದಲು ತಿಳಿಯಬೇಕು.

1347ರಲ್ಲಿ ಸ್ಥಾಪನೆಯಾದ ಬಹಮನಿ ಸಾಮ್ರಾಜ್ಯವು ದಖ್ಖನವನ್ನು ನೂರಕ್ಕೂ ಹೆಚ್ಚು ವರ್ಷ ಆಳಿತು. 1481ರಲ್ಲಿ ಸುಲ್ತಾನನು ಚಾಡಿಮಾತು ನಂಬಿ ಸಮರ್ಥ ಮಂತ್ರಿಯಾದ ಮಹಮೂದ ಗವಾನನನ್ನು ಕೊಲ್ಲಿಸಿದ ಮೇಲೆ ಅದರ ಬೇರು ಸಡಿಲಾಯಿತು. ಪ್ರಾಂತಗಳ ಅಧಿಕಾರಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಬಿಜಾಪುರ, ಅಹಮದನಗರ, ವರ್ಹಾಡ, ಬೀದರ, ಗೋಲ್ಕೊಂಡ ಎಂದು ಐದು ರಾಜ್ಯಗಳಾದವು. ಮನೆ ಒಡೆದು ಪಾಲಾದಾಗ ಅಣ್ಣತಮ್ಮಂದಿರು ಬದುವಿನ ಕಲ್ಲಿಗಾಗಿ ಜಗಳಾಡುವಂತೆ ಈ ಐವರೂ ಗಡಿಯ ಕೋಟೆಗಳಿಗಾಗಿ ಕಾದಾಡತೊಡಗಿದರು. ಸೊಲ್ಲಾಪುರ, ನಳದುರ್ಗ, ಪರಂಡಾ, ಕಲ್ಯಾಣ ಇವೇ ಆ ಬದುವಿನ ಕಲ್ಲುಗಳು.

ಸೊಲ್ಲಾಪುರದ ಜಗಳವೂ ಒಂದು ಮದುವೆಯಿಂದಲೇ ಬೆಳೆಯಿತು. 1524ರಲ್ಲಿ ಬಿಜಾಪುರದ ಇಸ್ಮಾಯಿಲ ಆದಿಲಶಾಹನ ತಂಗಿಯನ್ನು ಅಹಮದನಗರದ ಬುರ್ಹಾನ ನಿಜಾಮಶಾಹನಿಗೆ ಕೊಟ್ಟರು. ಸೊಲ್ಲಾಪುರವನ್ನು ಬಳುವಳಿಯಾಗಿ ಕೊಡುವ ಮಾತಾಗಿತ್ತೆಂದು ಅಹಮದನಗರದವರು ವಾದಿಸಿದರು. ಅಂಥ ಮಾತೇ ಆಗಿಲ್ಲವೆಂದು ಬಿಜಾಪುರದವರು ಹೇಳಿದರು. ಬೀಗರು ವೈರಿಗಳಾದರು. ಮುಂದೆ ಸುಮಾರು ನಲವತ್ತು ವರ್ಷ ಈ ಕೋಟೆಗಾಗಿ ರಕ್ತ ಹರಿಯಿತು.

ಕೊನೆಗೆ ಇನ್ನೊಂದು ಮದುವೆಯೇ ಆ ಜಗಳಕ್ಕೆ ಮದ್ದಾಯಿತು. ವಿಜಯನಗರದ ವಿರುದ್ಧ ಒಂದಾಗಬೇಕೆಂದು ಸುಲ್ತಾನರು 1564ರ ಸುಮಾರಿಗೆ ಒಪ್ಪಂದಕ್ಕೆ ಬಂದರು. ಅಹಮದನಗರದ ಹುಸೇನ ನಿಜಾಮಶಾಹನು ತನ್ನ ಮಗಳು ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲಶಾಹನಿಗೆ ಕೊಟ್ಟನು. ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟನು. ಅಲಿಯ ತಂಗಿ ಹುಸೇನನ ಮಗನಿಗೆ ಹೆಂಡತಿಯಾದಳು. 1565ರ ಯುದ್ಧದಲ್ಲಿ ವಿಜಯನಗರ ಬಿದ್ದಿತು. ಆದರೆ ಗೆದ್ದವರ ಒಗ್ಗಟ್ಟು ಬಹಳ ದಿನ ಉಳಿಯಲಿಲ್ಲ. ಮತ್ತೆ ಹಳೆಯ ಗಡಿಜಗಳಗಳು ತಲೆಯೆತ್ತಿದವು.

ಚಾಂದಬೀಬಿ ಬುದ್ಧಿವಂತೆ. ಅರಬ್ಬಿ, ಫಾರಸಿಗಳೊಂದಿಗೆ ಮರಾಠಿ, ಕನ್ನಡಗಳನ್ನೂ ಬಲ್ಲವಳಾಗಿದ್ದಳೆಂದು ಹೇಳುತ್ತಾರೆ. ಬಿಜಾಪುರದಲ್ಲಿ ಅಲಿ ಆದಿಲಶಾಹನು 1579ರಲ್ಲಿ ಕಟ್ಟಿಸಿದ ಚಾಂದ ಬಾವಡಿ ಇಂದಿಗೂ ಆಕೆಯ ಹೆಸರು ಹೊತ್ತು ನಿಂತಿದೆ. ಮರುವರ್ಷವೇ ಅಲಿ ಕೊಲೆಯಾದನು. ಆತನಿಗೆ ಮಕ್ಕಳಿರಲಿಲ್ಲ. ಮೈದುನನ ಮಗ, ಒಂಬತ್ತು ವರ್ಷದ ಇಬ್ರಾಹಿಮನು ಪಟ್ಟಕ್ಕೆ ಬಂದನು. ಅವನನ್ನು ಸಾಕಿ ಬೆಳೆಸುವ ಭಾರ ಚಾಂದಬೀಬಿಯ ಮೇಲೆ ಬಿದ್ದಿತು. ಅಧಿಕಾರದಾಸೆಯ ಸರದಾರರು ಆಕೆಗೆ ಕೊಟ್ಟ ಕಷ್ಟ ಅಷ್ಟಿಷ್ಟಲ್ಲ. ಕಿಶ್ವರಖಾನನೆಂಬವನು ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಬಿಡುಗಡೆಯಾಗಿ ಬಂದ ಮೇಲೆ ಬಿಜಾಪುರಕ್ಕೆ ಮುತ್ತಿಗೆ ಬಿತ್ತು. ಮುತ್ತಿದವರು ಅಹಮದನಗರ ಮತ್ತು ಗೋಲ್ಕೊಂಡದವರು. ಹೊರಗೆ ತವರಿನ ದಂಡು, ಒಳಗೆ ಗಂಡನ ಮನೆ! ಆಕೆ ಎದೆಗುಂದದೆ ನಗರವನ್ನು ಕಾಯ್ದಳು. ಮುತ್ತಿದವರು ಬರಿಗೈಯಿಂದ ಹಿಂತಿರುಗಿದರು.

1584ರಲ್ಲಿ ಇಬ್ರಾಹಿಮನ ತಂಗಿಯ ಮದುವೆಯ ದಿಬ್ಬಣದೊಡನೆ ಚಾಂದಬೀಬಿ ತವರಿಗೆ ಹೋದಳು. ಅಲ್ಲಿಯೂ ಶಾಂತಿಯಿರಲಿಲ್ಲ. ಪಟ್ಟಕ್ಕಾಗಿ ಮಗನು ತಂದೆಯನ್ನೇ ಕೊಂದ ಅರಮನೆ ಅದಾಯಿತು. 1595ರಲ್ಲಿ ಗಡಿಯ ಯುದ್ಧವೊಂದರಲ್ಲಿ ಆಕೆಯ ಸೋದರನ ಮೊಮ್ಮಗ ಬಹಾದ್ದೂರನ ತಂದೆ, ಅಹಮದನಗರದ ಸುಲ್ತಾನ, ಸತ್ತನು. ಅವನನ್ನು ಕೊಂದದ್ದು ಆಕೆ ಸಾಕಿದ ಇಬ್ರಾಹಿಮನ ಸೈನ್ಯ. ಈ ದುಃಖ ಆಕೆಗೆ ಎಂಥದಾಗಿರಬೇಕೆಂಬುದನ್ನು ನಾವು ಊಹಿಸಬಹುದು.

ಮನೆಯವರು ಬಡಿದಾಡುತ್ತಿದ್ದಾಗ ಹೊರಗಿನವನು ಬಾಗಿಲಿಗೆ ಬಂದನು. ಪಟ್ಟದ ಜಗಳದಲ್ಲಿ ಸಿಕ್ಕಿಕೊಂಡ ಮಂತ್ರಿಯೊಬ್ಬನು ಮೊಗಲರನ್ನೇ ನೆರವಿಗೆ ಕರೆದಿದ್ದನು. ಅಕಬರನ ಮಗ ಮುರಾದನು 1595ರ ಡಿಸೆಂಬರಿನಲ್ಲಿ ಅಹಮದನಗರವನ್ನು ಮುತ್ತಿದನು. ಚಾಂದಬೀಬಿ ಬಾಲಕ ಬಹಾದ್ದೂರನ ಪರವಾಗಿ ಕೋಟೆಯ ಹೊಣೆ ಹೊತ್ತಳು. ಮೊಗಲರು ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿದರು. ಒಳಗಿನವರು ಕೆಲವನ್ನು ಪತ್ತೆಹಚ್ಚಿ ಕೆಡಿಸಿದರು. ಒಂದು ಮಾತ್ರ ಸಿಡಿದು ಗೋಡೆ ಬಿರಿಯಿತು. ಕಾವಲಿನವರು ಕಂಗೆಟ್ಟು ಓಡತೊಡಗಿದಾಗ ಚಾಂದಬೀಬಿ ಮುಸುಕು ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಆ ಬಿರುಕಿನಲ್ಲಿ ಬಂದು ನಿಂತಳು. ಓಡಿದವರು ನಾಚಿ ಮರಳಿದರು. ಕತ್ತಲಾಗುವವರೆಗೆ ಕಾದಾಟ ನಡೆಯಿತು. ಬೆಳಗಾಗುವಷ್ಟರಲ್ಲಿ ಗೋಡೆ ಮತ್ತೆ ಎದ್ದಿತ್ತು. ಗುಂಡು ಮುಗಿದಾಗ ಬೆಳ್ಳಿ ಬಂಗಾರವನ್ನೇ ಎರಕ ಹೊಯ್ದು ಹಾರಿಸಿದಳೆಂದು ಜನರು ಕಥೆ ಹೇಳುತ್ತಾರೆ.

ಆಕೆಯ ಮನವಿಗೆ ಓಗೊಟ್ಟು ಬಿಜಾಪುರ ಮತ್ತು ಗೋಲ್ಕೊಂಡದ ಸೈನ್ಯಗಳು ಹೊರಟವು. ಹಳೆಯ ವೈರಿಗಳು ಒಂದಾಗಿ ಬರುವುದನ್ನು ಕೇಳಿ ಮುರಾದನು 1596ರಲ್ಲಿ ಸಂಧಿಗೆ ಒಪ್ಪಿದನು. ವರ್ಹಾಡವನ್ನು ಬಿಟ್ಟುಕೊಡಬೇಕಾಯಿತು, ರಾಜಧಾನಿ ಉಳಿಯಿತು. ಆದರೆ 1597ರಲ್ಲಿ ಗೋದಾವರಿ ತೀರದ ಸೋನಪೇಟದಲ್ಲಿ ಮೂರು ರಾಜ್ಯಗಳ ಕೂಡುಸೈನ್ಯ ಮೊಗಲರಿಗೆ ಸೋತಿತು. 1600ರಲ್ಲಿ ಅಕಬರನ ಇನ್ನೊಬ್ಬ ಮಗ ದಾನಿಯಾಲನು ಮತ್ತೆ ಬಂದು ಮುತ್ತಿದನು. ಸರದಾರರಲ್ಲಿ ಒಗ್ಗಟ್ಟಿರಲಿಲ್ಲ. ಬಾಲಕನ ಪ್ರಾಣವಾದರೂ ಉಳಿಯಲೆಂದು ಚಾಂದಬೀಬಿ ಸಂಧಿಯ ಯೋಚನೆ ಮಾಡಿದಳು. ಆಕೆ ಕೋಟೆಯನ್ನು ಶತ್ರುವಿಗೆ ಮಾರಿದಳೆಂದು ಒಬ್ಬನು ಸುಳ್ಳು ಕೂಗೆಬ್ಬಿಸಿದನು. ಉದ್ರಿಕ್ತ ಜನರು ಅಂತಃಪುರಕ್ಕೆ ನುಗ್ಗಿ, ತಮ್ಮನ್ನು ಕಾಯ್ದವಳನ್ನು ತಾವೇ ಕೊಂದರು. ಅದೇ ವರ್ಷದ ಆಗಸ್ಟಿನಲ್ಲಿ ಕೋಟೆ ಬಿದ್ದಿತು. ಬಹಾದ್ದೂರನು ಗ್ವಾಲಿಯರಿಗೆ ಸೆರೆಯಾಳಾಗಿ ಹೋದನು.

ಆ ಐದು ರಾಜ್ಯಗಳೂ ಉಳಿಯಲಿಲ್ಲ. ವರ್ಹಾಡವನ್ನು ಅಹಮದನಗರ ನುಂಗಿತು, ಬೀದರವನ್ನು ಬಿಜಾಪುರ ನುಂಗಿತು. ನುಂಗಿದವರನ್ನು ಮೊಗಲರು ನುಂಗಿದರು: 1636ರಲ್ಲಿ ಅಹಮದನಗರ, 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ. ನೆರೆಹೊರೆಯವರು ಕೂಡಿ ನಿಂತದ್ದು ಕೆಲವೇ ದಿನ. ಆ ದಿನಗಳಲ್ಲಿ ಅಹಮದನಗರದ ಗೋಡೆ ನಿಂತಿತ್ತೆಂಬುದನ್ನು ನಾವು ಮರೆಯಬಾರದು.

ನಾವು ಗಡಿಯ ಜನ. ತವರು ಒಂದು ರಾಜ್ಯದಲ್ಲಿ, ಗಂಡನ ಮನೆ ಇನ್ನೊಂದು ರಾಜ್ಯದಲ್ಲಿ ಇರುವ ತಾಯಂದಿರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಎರಡು ಮನೆಗಳಿಗೂ ಒಳ್ಳೆಯದನ್ನೇ ಬಯಸುವ ಅವರ ಮನಸ್ಸು ನಮಗೆ ಗೊತ್ತು. ಮುಂದಿನ ಜಾತ್ರೆಯಲ್ಲಿ ಕೆರೆಯ ದಂಡೆಯ ಆ ಕೋಟೆಯ ಮುಂದೆ ನಿಂತಾಗ, ಅದನ್ನು ಬಳುವಳಿಯಾಗಿ ತಂದ ಆ ಮಹಾತಾಯಿಯನ್ನು ಒಂದು ಕ್ಷಣ ನೆನೆಯೋಣ.