ಎಡ್ವರ್ಡ್ ಗಿಬ್ಬನ್ ಎಂಬ ಚರಿತ್ರಕಾರನು

ರೋಮಾಪುರದ ಚಕ್ರಾಧಿಪತ್ಯವು ಕ್ಷೀಣಿಸಿ ಬಿದ್ದುಹೋದ ವೃತ್ತಾಂತವನ್ನು ಆರು ಸಂಪುಟಗಳಲ್ಲಿ ಬರೆದ ಎಡ್ವರ್ಡ್ ಗಿಬ್ಬನನ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರು ಕೇಳಿರಬಹುದು. ಅವನು ತನ್ನ ಕಡೆಯ ವರುಷಗಳಲ್ಲಿ ಸ್ವಂತ ಜೀವಿತವನ್ನೂ ಬರೆಯತೊಡಗಿ, ಭಾಗ್ಯ, ಕೀರ್ತಿಯ ಆಶೆ, ಗ್ರಂಥವಾಚನ, ಪ್ರೀತಿ ಇವುಗಳಿಂದ ತನಗೆ ದೊರೆತದ್ದೇನೆಂದು ಲೆಕ್ಕ ನೋಡಿದನು. ಆ ಲೆಕ್ಕವನ್ನು ನಾವೂ ಸ್ವಲ್ಪ ಪರಿಶೋಧಿಸುವ.

ಗಿಬ್ಬನನು 1737ನೆಯ ಇಸವಿಯಲ್ಲಿ ಇಂಗ್ಲೆಂಡಿನ ಪಟ್ನಿ ಎಂಬ ಊರಲ್ಲಿ ಹುಟ್ಟಿದನು. ಅವನ ತರುವಾಯ ಹುಟ್ಟಿದ ಐವರು ತಮ್ಮಂದಿರೂ ಒಬ್ಬ ತಂಗಿಯೂ ಎಳೆತನದಲ್ಲಿಯೇ ತೀರಿಹೋದರು. ಅವನೂ ಬದುಕುವನೆಂಬ ಭರವಸೆ ಯಾರಿಗೂ ಇರಲಿಲ್ಲ. ಸ್ವತಂತ್ರ ದೇಶದಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ್ದನ್ನು ಅವನು ದೊಡ್ಡ ಭಾಗ್ಯವೆಂದು ಎಣಿಸಿದನು. ಆದರೆ ಅದಕ್ಕಿಂತ ದೊಡ್ಡ ಭಾಗ್ಯವು ತಾಯಿಯ ಒಡಹುಟ್ಟಿದವಳಾದ ಕ್ಯಾಥರೀನ್ ಪೋರ್ಟನ್ ಎಂಬವಳೇ. ಈಕೆಯು ರೋಗಿಯಾದ ಹುಡುಗನ ಹಾಸಿಗೆಯ ಬಳಿಯಲ್ಲಿ ಎಷ್ಟೋ ರಾತ್ರಿಗಳನ್ನು ಕಳೆದು ಅವನ ಜೀವವನ್ನು ಉಳಿಸಿದ್ದಲ್ಲದೆ, ಪುಸ್ತಕಗಳ ಮೇಲಣ ಪ್ರೀತಿಯನ್ನೂ ಅವನಲ್ಲಿ ಬಿತ್ತಿದಳು.

ಅವನು ಇನ್ನೂ ಹದಿನೈದು ವರುಷ ತುಂಬುವ ಮೊದಲೇ ಆಕ್ಸ್‌ಫರ್ಡಿನ ವಿದ್ಯಾಲಯವನ್ನು ಸೇರಿ, ಅಲ್ಲಿ ವಿಚಾರಿಸುವವರಿಲ್ಲದೆ ತಾನೇ ಓದಿಕೊಂಡು, 1753ರಲ್ಲಿ ರೋಮನ್ ಕಥೋಲಿಕ ಸಭೆಯನ್ನು ಸೇರಿದನು. ತಂದೆಯು ಕೋಪಗೊಂಡು ಅವನನ್ನು ಸ್ವಿಟ್ಸರ್ಲೆಂಡಿನ ಲೋಸಾನ್ ಪಟ್ಟಣಕ್ಕೆ, ಪವಿಯಾರ್ ಎಂಬ ಬೋಧಕನ ಮನೆಗೆ ಕಳುಹಿಸಿದನು. ಆ ಸೌಮ್ಯನು ಗದರಿಸದೆ ಅವನಿಗೆ ಕ್ರಮವಾಗಿ ಓದುವದನ್ನು ಕಲಿಸಿದನು. 1754ರ ಕ್ರಿಸ್ತಜಯಂತಿಯ ದಿವಸ ಗಿಬ್ಬನನು ಪ್ರೊಟೆಸ್ಟಂಟ್ ಸಭೆಗೆ ತಿರುಗಿ ಬಂದನು.

ಆ ಸೀಮೆಯಲ್ಲಿಯೇ ಹಳ್ಳಿಯ ಬೋಧಕನೊಬ್ಬನ ಮಗಳಾದ ಸುಜಾನ್ ಕ್ಯೂರ್ಶೋ ಎಂಬ ವಿದ್ಯಾವತಿಯನ್ನು ಅವನು ಪ್ರೀತಿಸಿದನು. ಆಕೆಯು ಬಡವಳು. ತಂದೆಯು ಒಪ್ಪದಿರಲು, ಅವನ ಹಣವನ್ನೇ ಆಶ್ರಯಿಸಿದ್ದ ಮಗನು ಆಕೆಯನ್ನು ಬಿಟ್ಟುಬಿಟ್ಟನು. 1764ರಲ್ಲಿ ಆಕೆಯು ನೆಕ್ಕೆರ್ ಎಂಬವನನ್ನು ಮದುವೆಯಾದಳು. ಅವನು ಮುಂದೆ ಫ್ರಾನ್ಸಿನ ಅರಸನ ಬೊಕ್ಕಸಕ್ಕೆ ಅಧಿಕಾರಿಯಾದನು. ಗಿಬ್ಬನನು ಕಡೆಯ ವರೆಗೂ ಅವಿವಾಹಿತನಾಗಿಯೇ ಉಳಿದನು.

ಅದೇ 1764ರ ಅಕ್ಟೋಬರ್ ತಿಂಗಳಲ್ಲಿ ರೋಮಾಪುರದ ಪಾಳುಬಿದ್ದ ಕಟ್ಟಡಗಳ ನಡುವೆ ಕೂತಿದ್ದಾಗ ಆ ಪಟ್ಟಣದ ಪತನವನ್ನು ಬರೆಯಬೇಕೆಂಬ ಯೋಚನೆ ಅವನಲ್ಲಿ ಹುಟ್ಟಿತು. 1776ರಲ್ಲಿ ಮೊದಲನೆಯ ಸಂಪುಟವು ಹೊರಬಿದ್ದು, ಸಾವಿರ ಪ್ರತಿಗಳು ಕೆಲವೇ ದಿವಸಗಳಲ್ಲಿ ತೀರಿದವು. ಅದರ ಕಡೆಯ ಎರಡು ಅಧ್ಯಾಯಗಳಲ್ಲಿ ಅವನು ಆದಿ ಕ್ರೈಸ್ತರ ವಿಷಯ ಹಗುರವಾಗಿ ಬರೆದದ್ದರಿಂದ ವಿಶ್ವಾಸಿಗಳು ಅನೇಕರು ನೊಂದು ಪ್ರತ್ಯುತ್ತರ ಬರೆದರು. ಅದನ್ನು ನಾವು ಮರೆಮಾಡುವದಿಲ್ಲ. ಪಾರ್ಲಿಮೆಂಟಿನಲ್ಲಿಯೂ ಅವನಿಗೆ ಸ್ಥಾನ ಸಿಕ್ಕಿತು; ಆದರೆ ಒಂದು ಸಾರಿಯಾದರೂ ಎದ್ದು ಮಾತಾಡಲು ಅವನಿಗೆ ಧೈರ್ಯವಾಗಲಿಲ್ಲ. ದೊರೆತ ಸರಕಾರೀ ಉದ್ಯೋಗವೂ 1782ರಲ್ಲಿ ರದ್ದಾಯಿತು. ಮರುವರುಷ ಅವನು ಲೋಸಾನಿಗೆ ಹೋಗಿ ಗ್ರಂಥವನ್ನು ಮುಂದರಿಸಿದನು.

1787ನೆಯ ಜೂನ್ 27ರ ರಾತ್ರಿ ಕಡೆಯ ಪುಟವನ್ನು ಬರೆದು ಲೇಖಣಿಯನ್ನು ಇಟ್ಟು, ತೋಟದಲ್ಲಿ ತಿರುಗಾಡಿದನು. ಮೊದಲು ಸಂತೋಷ, ಬಳಿಕ ಹಳೇ ಸಂಗಾತಿಯನ್ನು ಅಗಲಿದಂಥ ದುಃಖ. ಇಪ್ಪತ್ತು ವರುಷಗಳಿಗೂ ಹೆಚ್ಚು ಕಾಲ ಹಾರೈಸಿದ ಕೀರ್ತಿಯು ಕೈಗೆ ಬಂದ ಗಳಿಗೆಯಲ್ಲಿಯೇ ಅವನ ಮನಸ್ಸು ಬರಿದಾಯಿತು.

ಆದರೆ ಅವನ ಜೀವಿತದ ಉತ್ತಮ ಕಾರ್ಯವು ಇನ್ನೂ ಉಳಿದಿತ್ತು. 1793ರಲ್ಲಿ ಇಂಗ್ಲೆಂಡಿನ ಅವನ ಸ್ನೇಹಿತನಾದ ಶೆಫೀಲ್ಡ್ ಪ್ರಭುವಿನ ಹೆಂಡತಿಯು ತೀರಿಕೊಂಡಳು. ಗಿಬ್ಬನನು ಸ್ಥೂಲಕಾಯನು, ರೋಗಿ, ದಾರಿಯಲ್ಲಿ ಯುದ್ಧ. ಹಾಗಿದ್ದರೂ ಅವನು ಸ್ನೇಹಿತನನ್ನು ಸಂತೈಸಲು ತಡಮಾಡದೆ ಹೊರಟನು. ಲೋಸಾನಿಗೆ ಅವನು ಮರಳಲಿಲ್ಲ. 1794ನೆಯ ಜನವರಿ 16ರಲ್ಲಿ ಲಂಡನಿನಲ್ಲಿ ಮರಣಹೊಂದಿದನು. ಶೆಫೀಲ್ಡನು ಅವನನ್ನು ತನ್ನ ಮನೆತನದ ಸಮಾಧಿಯಲ್ಲಿಯೇ ಇಡಿಸಿ, ಅವನು ಅಪೂರ್ಣವಾಗಿ ಬಿಟ್ಟ ಆತ್ಮಚರಿತ್ರೆಯನ್ನು 1796ರಲ್ಲಿ ಅಚ್ಚು ಹಾಕಿಸಿದನು.

ಪ್ರಿಯ ವಾಚಕರೇ, ಯೌವನದಲ್ಲಿ ಪ್ರೀತಿಗಾಗಿ ನಷ್ಟಪಡಲು ಅಂಜಿದವನು ಮುಪ್ಪು ಸಮೀಪಿಸಿದಾಗ ಸ್ನೇಹಕ್ಕಾಗಿ ಪ್ರಾಣವನ್ನೂ ಲಕ್ಷಿಸಲಿಲ್ಲ. ರಾತ್ರಿ ನಿದ್ದೆಗೆಟ್ಟು ಸಾಕಿದ ಆ ಸ್ತ್ರೀಯ ಋಣವನ್ನು ಅವನು ಈ ವಿಧವಾಗಿ ತೀರಿಸಿದನೆಂದು ನಾವು ಎಣಿಸುತ್ತೇವೆ. ನಮ್ಮ ಮನೆಗಳಲ್ಲಿಯೂ ರೋಗಿಯಾದ ಮಗುವಿನ ಬಳಿ ಕೂತು ಓದಿ ಹೇಳುವವರು ತಮ್ಮ ಕೆಲಸ ಅಲ್ಪವೆಂದು ತಿಳಿಯದಿರಲಿ.